ಒಲೆಯ ಮುಂದೆ ಹೇಳಬಾರದ ಸುದ್ದಿ

ಕೆಟ್ಟ ಸುದ್ದಿಯನ್ನು ಯಾರಿಗೆ, ಯಾವಾಗ, ಹೇಗೆ ಹೇಳಬೇಕೆಂಬುದು ಅಕೆನ್ ಊರಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಉಣ್ಣುತ್ತಿರುವವರಿಗೆ ಹೇಳಬಾರದು. ಬಿಸಿಲಲ್ಲಿ ನಡೆದು ಬಂದವರನ್ನು ಮೊದಲು ಕೂರಿಸಿ ಮೈ ಆರಿಸಬೇಕು. ಹಾಲೂಡಿಸುವ ತಾಯಿಗೆ ಹೇಳಲೇಬಾರದು, ಅವಳ ರಕ್ತ ಕೆಟ್ಟು ಹಾಲು ಕೂಸಿಗೆ ವಿಷವಾಗುತ್ತದೆ. ಇನ್ನು ಒಲೆಯ ಮುಂದೆ ಬೆವರುತ್ತ ನಿಂತವರಿಗಂತೂ ದೇವರೇ ಬಂದು ಹೇಳು ಅಂದರೂ ಬಾಯಿ ಬಿಡಬಾರದು. ಕಾದ ಮೈಗೆ ದಿಗಿಲು ಬಡಿದರೆ ರಕ್ತ ನೆತ್ತಿಗೇರುತ್ತದೆ, ಆಮೇಲೆ ಯಾವ ಔಷಧಿಯೂ ನಾಟುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಬಾಡಿಗೆ ಬೈಕು ಓಡಿಸುವ ದ್ಯೂಸೇಲ್ ಆ ಶನಿವಾರ ಮಧ್ಯಾಹ್ನ ಹಿತ್ತಲ ಬೇಲಿಯ ಹತ್ತಿರ ಗಾಡಿ ನಿಲ್ಲಿಸಿ, ಎದುರಿಗೆ ಸಿಕ್ಕ ಜೆಜುಲಾಳಿಗೆ, ಎಳೆಗೂಸಿನ ತಾಯಿಗೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟ.

ಓಕಾಯ್ ಪಟ್ಟಣದಿಂದ ಬರುತ್ತಿದ್ದ ವ್ಯಾನು ಕವಯೋಂ ತಿರುವಿನಲ್ಲಿ ಮಗುಚಿದೆ. ಅದರಲ್ಲಿ ವಿಡ್‌ಲೀನ್ ಇದ್ದಳು. ಹಿಂದೆಯೇ ಬರುತ್ತಿದ್ದ ದ್ಯೂಸೇಲ್ ಅವಳನ್ನು ಯಾರದೋ ಪಿಕಪ್ಪಿಗೆ ಹತ್ತಿಸಿ ಓಕಾಯ್‌ನ ಆಸ್ಪತ್ರೆಗೆ ಸೇರಿಸಿದ್ದಾನೆ. ಮೈಮೇಲೆ ಅಂಥ ಗಾಯವೇನೂ ಕಾಣುವುದಿಲ್ಲ, ಒಳಗೇ ರಕ್ತ ಸೋರುತ್ತಿದೆಯಂತೆ. ಅವಳ ಮನೆಯವರು ಯಾರಾದರೂ ಇದ್ದರೆ ಬೇಗ ಕರೆದುಕೊಂಡು ಬಾ ಎಂದು ಡಾಕ್ಟರು ಹೇಳಿದ್ದಾರೆ. ಮಾತಾಡುತ್ತಿದ್ದಾಳೆ, ಪ್ರಜ್ಞೆ ಇದೆ.

"ಅಮ್ಮನ್ನ ಕರ್ಕೊಂಬಾ ಅಂದ್ಲು ಕಣಕ್ಕ. ಬೇರೇನೂ ಹೇಳ್ಲಿಲ್ಲ. ಅಮ್ಮನ್ನ ಕರ್ಕೊಂಬಾ, ಅಷ್ಟೇ."

ಜೆಜುಲಾಳ ಕೈಯಿಂದ ನೀರಿನ ಬಕೆಟ್ಟು ಜಾರಿ ಬಿತ್ತು. ಅಂಗಳದಾಚೆ ತಗಡಿನ ಚಪ್ಪರದ ಕೆಳಗೆ ಅವಳ ಅಕ್ಕ ಕ್ಲೆಮೀಜ್ ಇದ್ದಿಲ ಒಲೆಗೆ ಗಾಳಿ ಬೀಸುತ್ತಾ ಹಾಡಿಕೊಳ್ಳುತ್ತಿದ್ದಳು. ಸದ್ದಿಗೆ ಹಾಡು ನಿಲ್ಲಿಸಿ, ಏನೇ ಬೀಳಿಸಿದೆ, ಕೈಗೆ ಕೊಬ್ಬು ಸವರಿಕೊಂಡು ನೀರಿಗೆ ಹೋಗಿದ್ದೀಯಾ ಎಂದು ಕೂಗಿ, ತನ್ನ ಮಾತಿಗೆ ತಾನೇ ನಕ್ಕು, ಮತ್ತೆ ಹಾಡಿಗೆ ಹಿಂದಿರುಗಿದಳು. ವಿಡ್‌ಲೀನ್ ಅವಳಿಗೆ ಒಬ್ಬಳೇ ಮಗಳು. ಗಂಡನೆಂಬವನು ಯಾವತ್ತೋ ಗಡಿ ದಾಟಿ ಕಬ್ಬು ಕಡಿಯಲು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಇದ್ದದ್ದು ಆ ಮಗಳು, ಮತ್ತೆ ಮಗಳ ಹಾಗೆಯೇ ಸಾಕಿದ ಈ ತಂಗಿ.

ಆ ಹುಡುಗಿ ಪಟ್ಟಣಕ್ಕೆ ಹೋದದ್ದಾದರೂ ಯಾರ ಕೆಲಸಕ್ಕೆ? ಜೆಜುಲಾಳ ಕೂಸು ರೋಬೆನ್ಸ್‌ಗೆ ನಾಳೆ ಚರ್ಚಿನಲ್ಲಿ ಜ್ಞಾನಸ್ನಾನ. ವಿಡ್‌ಲೀನಳೇ ಜ್ಞಾನತಾಯಿ. ಕೂಸಿಗೆ ಬಿಳಿ ಬಟ್ಟೆ ತರುವುದು ಜ್ಞಾನತಾಯಿಯ ಪಾಲು. ಇಲ್ಲಿಯ ದರ್ಜಿ ಹೊಲಿದದ್ದು ಗೋಣಿಚೀಲದ ಹಾಗಿರುತ್ತದೆ, ನನ್ನ ಜ್ಞಾನಪುತ್ರನಿಗೆ ಅದು ಬೇಡ, ಓಕಾಯ್‌ನಿಂದಲೇ ತರುತ್ತೇನೆ ಎಂದು ಹಟ ಹಿಡಿದು ಹೋಗಿದ್ದಳು. ಜೆಜುಲಾ ಓಡಿಹೋಗಿ ಅಕ್ಕನ ಕೈ ಹಿಡಿದು ಎಳೆದುಕೊಂಡು ಬಂದು ಬೈಕಿಗೆ ಹತ್ತಿಸಬೇಕು ಎಂದು ಕಾಲು ಕಿತ್ತಳು. ಅಷ್ಟರಲ್ಲಿ ಒರೇಲಿಯಾ ಅಜ್ಜಿ ಅವಳ ತೋಳು ಹಿಡಿದಳು.

ಒರೇಲಿಯಾ ಅಜ್ಜಿ ಪಕ್ಕದ ಮನೆಯವಳು. ಓಣಿಯ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅವಳದು. ಬೇಲಿಯ ಆ ಬದಿ ಕೂತು ಬೇಯಿಸಿದ ಮೊಟ್ಟೆಗಳ ಸಿಪ್ಪೆ ಸುಲಿಯುತ್ತಿದ್ದವಳು ದ್ಯೂಸೇಲ್ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಎಲ್ಲಿಗೆ ಹೊರಟೆ? ಅವಳು ಬೆಳಗ್ಗಿಂದ ಬೆಂಕಿ ಮುಂದೆ ನಿಂತವಳೆ. ಮೈ ಕಾದು ಕೆಂಡ ಆಗಿದೆ. ಈಗ ಹೇಳಿದ್ರೆ ಒಂದಲ್ಲ, ಎರಡು ಹೆಣ ಎತ್ತಬೇಕಾಗುತ್ತೆ. ನಿಮ್ಮಮ್ಮನ್ನ ಮರೆತುಬಿಟ್ಯಾ?"

ಮರೆಯುವುದೆಲ್ಲಿಂದ ಬಂತು? ಜೆಜುಲಾ ಆಗ ಲಂಗ ಎಳೆದುಕೊಂಡು ಓಡಾಡುವ ಹುಡುಗಿ. ಅಮ್ಮ ಇದೇ ಅಂಗಳದಲ್ಲಿ ಬಾಳೆಕಾಯಿ ಕರಿಯುತ್ತಿದ್ದಳು. ಅಪ್ಪನ ದೋಣಿ ಒಡೆದು ಹೋಯಿತು ಎಂದು ಯಾವನೋ ಪುಣ್ಯಾತ್ಮ ರಸ್ತೆಯಿಂದಲೇ ಅರಚಿದ. ಅಮ್ಮ ತಿರುಗಿ ನೋಡಿದಳು, ಬಾಯಿ ಒಂದು ಬದಿಗೆ ಸೊಟ್ಟಗಾಯಿತು, ಹಾಗೆಯೇ ಒಲೆಯ ಮೇಲೆ ಬಿದ್ದಳು. ಸುಟ್ಟ ಕೈ ವಾಸಿಯಾಯಿತು, ಮಾತು ಮಾತ್ರ ಮರಳಿ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವಳನ್ನೂ ಮಣ್ಣು ಮಾಡಿದರು. ಅಂದಿನಿಂದ ಜೆಜುಲಾಳಿಗೆ ತುತ್ತು ಕೊಟ್ಟವಳು ಅಕ್ಕ. ಆ ಅಕ್ಕ ಈಗ ಅದೇ ಅಂಗಳದಲ್ಲಿ, ಅಂಥದೇ ಕಾದ ಎಣ್ಣೆಯ ಮುಂದೆ ನಿಂತಿದ್ದಾಳೆ. ಜೆಜುಲಾಳ ಕಾಲು ಅಲ್ಲೇ ನಿಂತಿತು.

ಅಜ್ಜಿ ತೀರ್ಪು ಕೊಟ್ಟಳು. ಕರಿಯುವುದು ಮುಗಿಯಲಿ, ಎಣ್ಣೆ ಇಳಿಸಲಿ. ಕೈಕಾಲು ತೊಳೆದು ಸ್ವಲ್ಪ ಹೊತ್ತು ನೆರಳಲ್ಲಿ ಕೂರಲಿ. ಚಿಟಿಕೆ ಉಪ್ಪು ಹಾಕಿದ ಕಹಿ ಕಾಫಿ ಕುಡಿಸಿ, ಆಮೇಲೆ ಕೈ ಹಿಡಿದುಕೊಂಡು ನಿಧಾನವಾಗಿ ಹೇಳೋಣ. ಡಾಕ್ಟರು ಬೇಗ ಅಂದಿದ್ದಾರೆ ಎಂದು ದ್ಯೂಸೇಲ್ ತೊದಲಿದ. ಡಾಕ್ಟರು ಮೈ ಕೊಯ್ಯುವುದು ಕಲಿತಿದ್ದಾರೆ, ಮೈ ಕಾದದ್ದು ತಣಿದದ್ದು ಅವರಿಗೇನು ಗೊತ್ತು ಎಂದು ಅಜ್ಜಿ ಅವನ ಬಾಯಿ ಮುಚ್ಚಿಸಿದಳು. ಹೇಳುವುದಾದರೆ ಹೇಳು, ಅವಳಿಗೇನಾದರೂ ಆದರೆ ಊರೆಲ್ಲ ನಿನ್ನ ಕಡೆಗೇ ಬೆರಳು ತೋರಿಸುತ್ತದೆ ಎಂದೂ ಸೇರಿಸಿದಳು. ಅವನು ತಲೆ ತಗ್ಗಿಸಿ ಬಾದಾಮಿ ಮರದ ಕೆಳಗೆ ಹೋಗಿ ಕೂತ. ಕಿಟಕಿಯ ಮೇಲಿದ್ದ ಕ್ಲೆಮೀಜಳ ಫೋನನ್ನು ಅಜ್ಜಿ ಮೆಲ್ಲಗೆ ಎತ್ತಿಕೊಂಡು, ಆರಿಸಿ, ತನ್ನ ಸೊಂಟದ ಗಂಟಿಗೆ ಸಿಕ್ಕಿಸಿಕೊಂಡಳು.

"ನಿನಗೂ ದಿಗಿಲು ಬಡಿದಾಯ್ತು. ಹಾಲು ನೆಲಕ್ಕೆ ಹಿಂಡು. ಕೂಸಿಗೆ ಕೊಡಬೇಡ. ಮುಖ ಒರೆಸ್ಕೊಂಡು ಹೋಗು ಅವಳ ಹತ್ರ."

ಎಂಥಾ ಹಿತವರು ಇವರೆಲ್ಲ! ಒಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ. ಬಾದಾಮಿ ಮರದ ಕೆಳಗೆ ಕೂತವನಿಗೂ ಇರಲಿಲ್ಲ, ಕಾಫಿ ಕಾಯಿಸಲು ಒಳಗೆ ಹೋದ ಮುದುಕಿಗೂ ಇರಲಿಲ್ಲ. ಆದರೆ ಸಾವಿಗೆ, ಸ್ವಲ್ಪ ತಡಿಯಪ್ಪಾ, ಎಣ್ಣೆ ಇಳಿಸುತ್ತೇವೆ ಎಂದರೆ ತಡೆಯುತ್ತದೆಯೇ?

ಜೆಜುಲಾ ಹೋಗಿ ಅಕ್ಕನ ಎದುರು ಕೂತಳು. ಅವಳ ತಲೆಯಲ್ಲಿ ಇದ್ದದ್ದು ಒಂದೇ, ಬೇಗ ಮುಗಿಸಬೇಕು. ಹಲಗೆಯ ಮೇಲೆ ನಾಳಿನ ಔತಣದ ಪಾತೆಗೆ, ಮೀನು ತುಂಬಿ ಕರಿಯುವ ಕಡುಬಿಗೆ, ಹಿಟ್ಟು ಸಿದ್ಧವಿತ್ತು. ರಮ್ಮಿನ ಖಾಲಿ ಬಾಟಲಿಯಿಂದ ಅದನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಕೊಬ್ಬು ಸವರಿ, ಮಡಿಸಿ, ಮತ್ತೆ ಲಟ್ಟಿಸಿ, ಮತ್ತೆ ಸವರಿ ಮಡಿಸಬೇಕು. ಹಾಗೆ ಮಾಡಿದರೇ ಪಾತೆ ಎಣ್ಣೆಯಲ್ಲಿ ಪದರ ಪದರವಾಗಿ ಬಿಚ್ಚಿಕೊಳ್ಳುವುದು. ಆಮೇಲೆ ತಟ್ಟೆಯ ಅಂಚಿನಿಂದ ದುಂಡಗೆ ಕತ್ತರಿಸಿ, ಹೊಗೆ ಹಾಕಿ ಒಣಗಿಸಿ ಉಪ್ಪು ಬಿಡಿಸಿದ ಮೀನು, ಎಲೆಕೋಸು, ಕೆಂಪು ಮೆಣಸಿನ ಪಲ್ಯ ಇಟ್ಟು, ಮೇಲೊಂದು ಹೋಳು ಮೊಟ್ಟೆ ಇಟ್ಟು, ಅರ್ಧಕ್ಕೆ ಮಡಿಸಿ ಅಂಚನ್ನು ಫೋರ್ಕಿನಿಂದ ಒತ್ತಬೇಕು. ಬೇರೆ ದಿನವಾದರೆ ಜೆಜುಲಾ ಈ ಕೆಲಸಕ್ಕೆ ಕೂತರೆ ಅರ್ಧ ಹೊತ್ತು ಹರಟೆಗೇ ಹೋಗುತ್ತಿತ್ತು. ಇವತ್ತು ಅವಳ ಕೈ ಮೆಷಿನ್ನಿನ ಹಾಗೆ ಆಡಿತು. ಕ್ಲೆಮೀಜ್ ಒಂದನ್ನು ಎಣ್ಣೆಗೆ ಬಿಡುವಷ್ಟರಲ್ಲಿ ಇವಳು ಮೂರು ಮುಂದಿಡುತ್ತಿದ್ದಳು.

ಕ್ಲೆಮೀಜಳಿಗೆ ಆಶ್ಚರ್ಯ. ತಾಯಿಯಾದ ಮೇಲೆ ಸೋಮಾರಿಗೂ ಬುದ್ಧಿ ಬರುತ್ತದೆ ಎಂದು ಕೇಳಿದ್ದೆ, ಕಣ್ಣಾರೆ ಕಂಡದ್ದು ಇವತ್ತೇ ಎಂದಳು. ಚೆನ್ನಾಗಿ ಕರಿದ ಮೊದಲ ಪಾತೆಯನ್ನು ಮುರಿದು ಊದಿ ತಂಗಿಯ ಬಾಯಿಗೆ ಇಟ್ಟಳು. ಜೆಜುಲಾ ಅಗಿದಳು. ನುಂಗದೆ ಕೆನ್ನೆಯೊಳಗೆ ಇಟ್ಟುಕೊಂಡಳು. ಉಪ್ಪು ಸರಿಯಿದೆಯಾ ಎಂದು ಅಕ್ಕ ಕೇಳಿದರೆ ಹೂಂ ಎಂದು ತಲೆಯಾಡಿಸಿದಳು.

ಹೀಗೆ ಹಲಗೆಯ ಮೇಲಿನ ಹಿಟ್ಟು ಮುಗಿಯಿತು. ಕೊನೆಯ ಪಾತೆ ಎಣ್ಣೆಗೆ ಬಿತ್ತು. ಜೆಜುಲಾ ಎದ್ದು, ಇನ್ನು ಇಳಿಸು ಅಕ್ಕ, ಬಾ, ಸ್ವಲ್ಪ ನೆರಳಲ್ಲಿ ಕೂರು, ಮೈಯೆಲ್ಲ ಬೆವೆತಿದೆ ಎಂದು ಬಾಣಲೆಯ ಕಿವಿಗೆ ಬಟ್ಟೆ ಹಿಡಿದಳು. ಕ್ಲೆಮೀಜ್ ಅವಳ ಕೈಗೆ ಪಟ್ಟನೆ ಹೊಡೆದಳು.

"ಇಷ್ಟು ಚುರುಕಾಗಿ ಮಾಡ್ತಿದ್ದೀಯ, ಈಗ ಬಿಡೋದಾ? ಮೀನಿನ ಪಲ್ಯ ಇನ್ನೂ ಅರ್ಧ ಪಾತ್ರೆ ಇದೆ. ಮಡಗಿದ್ರೆ ನಾಳೆ ಹಳಸುತ್ತೆ. ಇನ್ನೊಂದು ಹಿಟ್ಟು ನಾದ್ತೀನಿ. ವಿಡ್‌ಲೀನ್ ಬರೋವಾಗ ಬಿಸಿಬಿಸಿ ಇರಬೇಕು, ಇಲ್ದಿದ್ರೆ ಮುಖ ಊದಿಸ್ಕೊಂಡು ಕೂತ್ಕೊತಾಳೆ ಮಹಾರಾಣಿ."

ಹೇಳುವಷ್ಟರಲ್ಲಿ ಬೋಗುಣಿಗೆ ಮೈದಾ ಸುರಿದಾಗಿತ್ತು. ಜೆಜುಲಾ ಅದನ್ನು ನೋಡುತ್ತಾ ನಿಂತಳು. ಬೇಗ ಮುಗಿಯಲೆಂದು ಜೀವ ಹಿಂಡಿ ದುಡಿದದ್ದಕ್ಕೆ ಸಿಕ್ಕ ಕೂಲಿ ಇದು. ನಿಧಾನ ಮಾಡಿ, ಗೊಣಗಿ, ಸೊಂಟ ನೋವು ಎಂದು ಮಲಗಿಬಿಟ್ಟಿದ್ದರೆ ಅಕ್ಕ ಬೈದುಕೊಂಡು ಯಾವಾಗಲೋ ಒಲೆ ಆರಿಸುತ್ತಿದ್ದಳೇನೋ. ಈಗ ಹೇಳಿಬಿಡಲೇ? ಬಾಯಿ ತೆರೆದಳು ಕೂಡ. ಅಕ್ಕ ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಂಡು ನಕ್ಕಳು, ಆ ನಗುವಿನಲ್ಲಿ ಬಾಯಿ ಒಂದು ಚೂರು ಓರೆಯಾಯಿತು. ಅಮ್ಮನ ಬಾಯಿ. ಜೆಜುಲಾ ಮತ್ತೆ ಹಲಗೆಯ ಮುಂದೆ ಕೂತಳು. ಬಾಗಿಲಲ್ಲಿ ನಿಂತಿದ್ದ ಒರೇಲಿಯಾ ಅಜ್ಜಿ ಮೆಲ್ಲಗೆ ಕೆಮ್ಮಿದಳು.

ದ್ಯೂಸೇಲ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬೈಕನ್ನು ಒರೆಸಿದ, ಮತ್ತೆ ಒರೆಸಿದ, ಕಡೆಗೆ ಚಪ್ಪರದ ಹತ್ತಿರ ಬಂದು ನಿಂತ. ಅವನನ್ನು ಕಂಡು ಕ್ಲೆಮೀಜಳ ಮುಖ ಅರಳಿತು. ಈ ಹುಡುಗನಿಗೆ ತನ್ನ ಮಗಳ ಮೇಲೆ ಕಣ್ಣಿದೆ ಎಂಬುದು ಅವಳಿಗೆ ಹಳೆಯ ಸಂಗತಿ. ವಾಸನೆ ಮೂಗಿಗೆ ಬಡಿದು ಬಂದೆಯೋ, ಇಲ್ಲಾ ಇನ್ಯಾರದೋ ದಾರಿ ಕಾಯಲು ಬಂದೆಯೋ ಎಂದು ಚುಡಾಯಿಸಿದಳು. ಬಿಸಿ ಪಾತೆಯೊಂದನ್ನು ಕಾಗದದಲ್ಲಿ ಸುತ್ತಿ, ಮೇಲೆ ಖಾರದ ಎಲೆಕೋಸಿನ ಉಪ್ಪಿನಕಾಯಿ ಸುರಿದು ಅವನ ಕೈಗಿಟ್ಟಳು.

"ಓಕಾಯ್ ಕಡೆಯಿಂದ ಬಂದ್ಯಾ? ದಾರೀಲಿ ನಮ್ಮ ವಿಡ್‌ಲೀನ್ ಕಂಡ್ಲಾ?"

"ಇಲ್ಲ ದೊಡ್ಡಮ್ಮ."

"ಇಷ್ಟೊತ್ತಿಗೆ ಬರಬೇಕಿತ್ತು. ಯಾವ ಅಂಗಡಿ ಮುಂದೆ ಬಾಯಿ ಬಿಟ್ಕೊಂಡು ನಿಂತವಳೋ."

ಅವನು ಒಂದು ತುತ್ತು ಕಚ್ಚಿದ. ಬಾಯಿಯಲ್ಲಿ ಕಡುಬು ತುರುಕಿದವನ ಹಾಗೆ ನಿಂತ, ಕಣ್ಣಲ್ಲಿ ನೀರು ತುಂಬಿತು. ಖಾರ ಜಾಸ್ತಿಯಾಯಿತೇನೋ ಎಂದು ಕ್ಲೆಮೀಜ್ ನೀರು ಕೊಟ್ಟಳು. ಈ ಕಾಲದ ಗಂಡಸರಿಗೆ ಒಂದು ಮೆಣಸಿನಕಾಯಿ ತಡೆಯುವ ತಾಕತ್ತಿಲ್ಲ, ಇವರಿಗೆ ಹೆಣ್ಣು ಬೇರೆ ಕೊಡಬೇಕು ಎಂದು ಗೊಣಗಿದಳು. ಅವನು ನೀರು ಕುಡಿದು ಹಿಂದೆ ಹೋಗಿ ಮರಕ್ಕೆ ಮುಖ ಮಾಡಿ ನಿಂತ. ಬಿಸಿಲು ಚಪ್ಪರದ ಈ ಬದಿಯಿಂದ ಆ ಬದಿಗೆ ಸರಿದಿತ್ತು.

ಒಳಗೆ ರೋಬೆನ್ಸ್ ಎದ್ದು ಅಳತೊಡಗಿದ. ಅಜ್ಜಿ ಸಕ್ಕರೆ ನೀರು ಚಮಚದಲ್ಲಿ ಹಾಕಿದಳು, ಕೂಸು ಉಗುಳಿತು. ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಿಸಿದಳು, ತೊಡೆಯ ಮೇಲೆ ಮಲಗಿಸಿ ತಟ್ಟಿದಳು. ಹಸಿದ ಮಗುವಿಗೆ ಯಾವ ಉಪಾಯವೂ ನಡೆಯುವುದಿಲ್ಲ. ಅದು ಕಿರುಚಿದಾಗೆಲ್ಲ ಜೆಜುಲಾಳ ಎದೆ ಬಿಗಿದು ಹಾಲು ತಾನೇ ಒಸರುತ್ತಿತ್ತು. ಮೊದಲು ಒಂದು ಕಲೆ, ಆಮೇಲೆ ರವಿಕೆಯ ಮುಂಭಾಗವೆಲ್ಲ ಒದ್ದೆ. ಅವಳು ಹಲ್ಲು ಕಚ್ಚಿಕೊಂಡು ಲಟ್ಟಿಸುತ್ತಲೇ ಇದ್ದಳು. ಇದೊಂದು ಹಿಟ್ಟು ಮುಗಿದರೆ ಸಾಕು ದೇವರೇ, ಅಲ್ಲಿಯ ತನಕ ಅವಳನ್ನು ಹಿಡಿದಿಟ್ಟುಕೋ ಎಂದು ಒಳಗೊಳಗೇ ಬೇಡಿಕೊಂಡಳು.

"ಮಗೂಗೆ ಹಾಲು ಕೊಡೇ," ಎಂದಳು ಕ್ಲೆಮೀಜ್, ಎಣ್ಣೆಯಿಂದ ಕಣ್ಣು ತೆಗೆಯದೆ.

"ಆಮೇಲೆ ಕೊಡ್ತೀನಿ."

"ಆಮೇಲೆ ಯಾವಾಗ? ಗಂಟಲು ಹರ್ಕೊಳ್ತಿದೆ ಅದು. ಇತ್ಲಾಗೆ ಕೊಡು ಬಾಟ್ಲಿ, ನಾನು ಲಟ್ಟಿಸ್ತೀನಿ."

ಜೆಜುಲಾ ಏಳಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ಬಿಡಲೂ ಇಲ್ಲ. ಕ್ಲೆಮೀಜ್ ತಿರುಗಿ ನೋಡಿದಳು. ತಂಗಿಯ ಒದ್ದೆ ರವಿಕೆಯನ್ನು ನೋಡಿದಳು. ಕೂಸನ್ನು ಎತ್ತಿಕೊಂಡು ಅಷ್ಟು ದೂರದಲ್ಲೇ ನಿಂತ ಅಜ್ಜಿಯನ್ನು ನೋಡಿದಳು. ಎದೆ ತುಂಬಿ ಸುರಿಯುತ್ತಿದ್ದರೂ ಒಬ್ಬ ತಾಯಿ ಹಸಿದ ಕೂಸನ್ನು ಮುಟ್ಟುವುದಿಲ್ಲವೆಂದರೆ ಅದರ ಅರ್ಥವೇನೆಂದು ಈ ಊರಿನ ಹೆಂಗಸಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಳ ಕೈಯ ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತು.

"ಯಾರು?" ಎಂದಳು.

ಅವಳು ಮರದ ಕಡೆ ನೋಡಿದಳು. ದ್ಯೂಸೇಲ್ ಆಗಲೇ ಬೈಕಿನ ಮೇಲೆ ಕೂತಿದ್ದ.

"ವಿಡ್‌ಲೀನಾ?"

"ಬದುಕಿದ್ದಾಳೆ ಅಕ್ಕ. ವ್ಯಾನು ಬಿತ್ತಂತೆ. ಆಸ್ಪತ್ರೇಲಿ ಇದ್ದಾಳೆ. ನಿನ್ನ ಕೇಳ್ತಿದ್ದಾಳೆ ಅಂತ."

"ನಿಂಗೆ ಯಾವಾಗ ಗೊತ್ತಾಯ್ತು?"

ಬುಟ್ಟಿಯಲ್ಲಿ ಬೆಟ್ಟದ ಹಾಗೆ ಪೇರಿಸಿದ್ದ ಪಾತೆಗಳ ಕಡೆ ಜೆಜುಲಾಳ ಕಣ್ಣು ಹೋಯಿತು. ಕ್ಲೆಮೀಜಳೂ ಅದನ್ನೇ ನೋಡಿದಳು. ಅಡಿಯಲ್ಲಿದ್ದವು ಆಗಲೇ ತಣ್ಣಗಾಗಿ ಮೆತ್ತಗಾಗಿದ್ದವು.

ಒರೇಲಿಯಾ ಅಜ್ಜಿ ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಓಡಿಬಂದಳು. ಇದನ್ನು ಕುಡಿ ತಾಯಿ, ಕಾದ ಮೈಯಲ್ಲಿ ಗಾಳಿಗೆ ಹೋಗಬೇಡ, ತಲೆಗೊಂದು ಬಟ್ಟೆ ಕಟ್ಟಿಕೋ, ಒಂದು ಗಳಿಗೆ ಕೂರು ಎಂದು ದಾರಿಗೆ ಅಡ್ಡ ನಿಂತಳು. ಕ್ಲೆಮೀಜ್ ಅವಳನ್ನು ಬಯ್ಯಲಿಲ್ಲ. ಎರಡು ತೋಳು ಹಿಡಿದು, ಬಾಗಿಲಲ್ಲಿ ಅಡ್ಡವಿದ್ದ ಕುರ್ಚಿಯನ್ನು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿದಳು, ಅಷ್ಟೇ. ಕೈಯ ಹಿಟ್ಟು ತೊಳೆಯದೆ, ಚಪ್ಪಲಿ ಮೆಟ್ಟದೆ ಹೋಗಿ ಬೈಕಿನ ಹಿಂದೆ ಕೂತಳು. ಅವಳು ಬೀಳುತ್ತಾಳೆ, ಈಗ ಬೀಳುತ್ತಾಳೆ ಎಂದು ಜೆಜುಲಾ ಅವಳ ಹಿಂದೆ ಹತ್ತಿ ಸೊಂಟವನ್ನು ತಬ್ಬಿ ಹಿಡಿದಳು. ಒಲೆಯ ಮೇಲಿನ ಎಣ್ಣೆಯನ್ನು ಯಾರು ಇಳಿಸಿದರೋ ಯಾರಿಗೂ ನೆನಪಿಲ್ಲ.

ದಾರಿಯುದ್ದಕ್ಕೂ ಕ್ಲೆಮೀಜ್ ಒಂದೇ ಒಂದು ಮಾತಾಡಿದ್ದು. ಇನ್ನೂ ಜೋರಾಗಿ ಓಡಿಸಪ್ಪಾ ಎಂದಳು. ದ್ಯೂಸೇಲ್ ಓಡಿಸಿದ. ಕವಯೋಂ ತಿರುವಿನಲ್ಲಿ ವ್ಯಾನು ಇನ್ನೂ ಹೊಟ್ಟೆ ಮೇಲಾಗಿ ಬಿದ್ದಿತ್ತು, ಜನ ಅದರ ಟಯರು ಬಿಚ್ಚುತ್ತಿದ್ದರು. ಗುಂಡಿಗಳಲ್ಲಿ ಬೈಕು ಎಗರಿದಾಗೆಲ್ಲ ಜೆಜುಲಾಳ ಕೆನ್ನೆ ಅಕ್ಕನ ಬೆನ್ನಿಗೆ ಬಡಿಯುತ್ತಿತ್ತು. ಆ ಬೆನ್ನು ಬಿಸಿಯಾಗಿರಲಿಲ್ಲ. ದಾರಿಯ ಗಾಳಿಗೆ ಯಾವಾಗಲೋ ತಣ್ಣಗಾಗಿತ್ತು.

ಆಸ್ಪತ್ರೆಯ ಉದ್ದನೆಯ ಕೋಣೆಯ ಕೊನೆಯ ಮಂಚದಲ್ಲಿ ವಿಡ್‌ಲೀನ್ ಇದ್ದಳು. ಮುಖದ ಮೇಲೆ ದುಪ್ಪಟಿ ಎಳೆದಿದ್ದರು. ಕ್ಲೆಮೀಜ್ ಅದನ್ನು ಸರಿಸಿದಳು, ಮಗಳ ಕೆನ್ನೆ ಮುಟ್ಟಿದಳು. ಪಕ್ಕದ ಮಂಚದ ಹತ್ತಿರ ತನ್ನ ಗಂಡನಿಗೆ ಗಾಳಿ ಬೀಸುತ್ತಾ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ನೀವು ತಾಯಿಯಾ ಎಂದು ಕೇಳಿದಳು. ಒಳ್ಳೆಯ ಹೆಂಗಸು. ಕೊನೆಯ ತನಕ ಹುಡುಗಿಯ ಕೈ ಹಿಡಿದುಕೊಂಡಿದ್ದವಳು ಅವಳೇ. ಅದನ್ನೆಲ್ಲ ತಾಯಿಗೆ ಹೇಳಿದರೆ ಸಮಾಧಾನವಾದೀತು ಎಂದು ಪಾಪ ಅವಳು ಅಂದುಕೊಂಡಳು.

"ಈಗ ತಾನೇ, ನೀವು ಬರೋದಕ್ಕೆ ಸ್ವಲ್ಪ ಮುಂಚೆ. ನಿಮ್ಮನ್ನೇ ಕೇಳ್ತಿದ್ಲು. ಹೊರಗೆ ಬೈಕ್ ಸದ್ದಾದ್ರೆ ಸಾಕು, ಬಾಗಿಲ ಕಡೆ ನೋಡೋಳು. ಆ ಹುಡುಗ ಅಮ್ಮಂಗೆ ಹೇಳಿರ್ತಾನಾ ಅಂತ ಕೇಳಿದ್ಲು. ಹೇಳ್ದೆ ಇರ್ತಾನಾ ಮಗಳೇ, ಆಗ್ಲೇ ಹೇಳಿರ್ತಾನೆ ಅಂತ ನಾನು ಧೈರ್ಯ ಹೇಳ್ದೆ. ಅದಾದ್ಮೇಲೂ ಬಹಳ ಹೊತ್ತು ಕಾದ್ಲು. ಆಮೇಲೆ ಬಾಗಿಲ ಕಡೆ ನೋಡೋದು ಬಿಟ್ಬಿಟ್ಲು."

ದ್ಯೂಸೇಲ್ ಗೋಡೆಗೆ ಒರಗಿ ನೆಲಕ್ಕೆ ಕುಸಿದ. ನರ್ಸು ಕುರ್ಚಿ ತಂದು ಕ್ಲೆಮೀಜಳ ಹಿಂದೆ ಇಟ್ಟಳು. ಜೆಜುಲಾ ಎರಡೂ ಕೈಯಲ್ಲಿ ಅಕ್ಕನನ್ನು ಬಿಗಿಯಾಗಿ ಹಿಡಿದುಕೊಂಡಳು, ಈಗ ರಕ್ತ ನೆತ್ತಿಗೇರುತ್ತದೆ, ಈಗ ಬಾಯಿ ಸೊಟ್ಟಗಾಗುತ್ತದೆ ಎಂದು ಅವಳ ಮುಖವನ್ನೇ ನೋಡಿದಳು. ಕ್ಲೆಮೀಜ್ ಬಹಳ ಹೊತ್ತು ಮಗಳನ್ನು ನೋಡುತ್ತಾ ನಿಂತಳು. ಆಮೇಲೆ ತನ್ನನ್ನು ಸುತ್ತಿದ್ದ ಕೈಗಳ ಕಡೆ ನೋಡಿದಳು.

"ನನ್ನ ಯಾಕೆ ಹಿಡ್ಕೊಂಡಿದ್ದೀಯ? ಬಿಡು. ನಂಗೇನಾಗಿದೆ? ನೋಡು, ನಿಂತೇ ಇದ್ದೀನಿ."

ಜೆಜುಲಾ ಕೈ ಬಿಟ್ಟಳು. ಅಕ್ಕ ಬೀಳಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು. ಯಾರಿಗೂ ಹೇಳಿಕೊಳ್ಳಲಾಗದಂಥ ಬೇಡಿಕೆ ಅದು. ಅಕ್ಕ ಒಮ್ಮೆ ತತ್ತರಿಸಿದ್ದರೆ, ಕುರ್ಚಿಯ ಮೇಲೆ ಕುಸಿದಿದ್ದರೆ, ಅಜ್ಜಿ ಹೇಳಿದ್ದು ನಿಜವಾಗುತ್ತಿತ್ತು, ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಹಿಟ್ಟು ಲಟ್ಟಿಸಿದ್ದಕ್ಕೆ ಒಂದು ಕಾರಣವಾದರೂ ಉಳಿಯುತ್ತಿತ್ತು. ಕ್ಲೆಮೀಜ್ ಬೀಳಲಿಲ್ಲ. ಕುರ್ಚಿಯನ್ನು ಆಚೆ ಸರಿಸಿ, ಮಗಳ ತಲೆಗೂದಲಲ್ಲಿ ಸಿಕ್ಕಿಕೊಂಡಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.